ಗೋದಾಮಿನಲ್ಲಿ ಉಳಿದ ನಾಲ್ಕು ಸೆನ್ಸರ್

ಮೂಡಿಗೆರೆ ಸೀಮೆಯ ತೋಟದ ಮನೆಗಳಲ್ಲಿ ಕಾಫಿ ಗೋದಾಮಿನ ಒಂದು ಮೂಲೆ ಹಳೇ ಸಾಮಾನಿಗೆ ಮೀಸಲು. ಗೋಣಿಚೀಲದ ಕಟ್ಟು, ಮೆಣಸು ಕೊಯ್ಯುವ ಏಣಿ, ಕೆಟ್ಟು ಕೂತ ಸ್ಪ್ರೇಯರ್, ಅದರ ಹಿಂದೆ ಒಂದರ ಮೇಲೊಂದು ಪೇರಿಸಿದ ನಾಲ್ಕು ಚಕ್ರ. ಕಳಸದ ಹತ್ತಿರ ತೋಟ ಮಾಡಿಕೊಂಡಿರುವ ನನ್ನ ಅಕ್ಕನ ಮಗನ ಗೋದಾಮಿನಲ್ಲೂ ಅಂಥ ನಾಲ್ಕು ಚಕ್ರಗಳಿದ್ದವು. ಎರಡು ವರ್ಷದ ಹಿಂದೆ ಅವನು ತನ್ನ ಎಸ್‌ಯುವಿಗೆ ದೊಡ್ಡ ಪೇಟೆಯ ಅಂಗಡಿಯೊಂದರಲ್ಲಿ 18 ಇಂಚಿನ ಹೊಸ ಅಲಾಯ್ ಮತ್ತು ಟೈರು ಹಾಕಿಸಿದ. ಕಂಪನಿಯ 17 ಇಂಚಿನ ಚಕ್ರಗಳು ಟೈರಿನ ಸಮೇತ ಗೋದಾಮು ಸೇರಿದವು. ಅವತ್ತಿನಿಂದ ಅವನ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಉರಿಯುತ್ತಲೇ ಇತ್ತು. ಕುದುರೆ ಲಾಳದ ಆಕಾರ, ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ನಾನು ಕೇಳಿದಾಗ ಅವನು ಹೇಳಿದ್ದು: “ಮಾಮ, ಅದು ಯಾವಾಗ್ಲೂ ಹಂಗೇ ಇರತ್ತೆ. ಅಂಗಡಿಯವ್ರೇ ಹೇಳಿದಾರೆ, ಏನೂ ಆಗಲ್ಲ ಅಂತ.”

ಕಳೆದ ಮಳೆಗಾಲದಲ್ಲಿ ಅಕ್ಕನನ್ನು ಕಣ್ಣಿನ ತಪಾಸಣೆಗೆಂದು ಮಂಗಳೂರಿಗೆ ಕರೆದುಕೊಂಡು ಹೊರಟ. ನಾನೂ ಜೊತೆಗಿದ್ದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯತೊಡಗಿದೆವು. ಎದುರು ಬರುವ ಲಾರಿಯ ದೀಪ ಹತ್ತು ಮಾರು ದೂರಕ್ಕೆ ಬಂದ ಮೇಲಷ್ಟೇ ಕಾಣುವಂಥ ಮಂಜು, ಜೊತೆಗೆ ಬಿಡದ ಮಳೆ. ಹಿಂದಿನ ಎಡ ಚಕ್ರದಲ್ಲಿ ಮೊಳೆ ಹೊಕ್ಕಿದ್ದು ಎಲ್ಲೋ ಮೇಲೆಯೇ ಇರಬೇಕು. ತಿರುವಿನಲ್ಲಿ ಕಾರು ಹಿಂದಿನಿಂದ ಜಾರಿದಂತೆ ಒಂದೆರಡು ಸಲ ಅನ್ನಿಸಿತು. ರಸ್ತೆ ಒದ್ದೆ, ಅದಕ್ಕೇ ಎಂದುಕೊಂಡೆವು. ಘಾಟಿ ಮುಗಿದು ಉಜಿರೆ ತಲುಪುವಷ್ಟರಲ್ಲಿ ಟೈರಿನ ಪಕ್ಕೆ ಅರೆದು ಒಳಗೆ ಕಪ್ಪು ಹುಡಿ ತುಂಬಿತ್ತು. ಪಂಕ್ಚರ್ ಅಂಗಡಿಯವರು ಟೈರು ಬಿಚ್ಚಿ ಕೈಯಲ್ಲಿ ಆ ಹುಡಿ ತೋರಿಸಿದರು: “ಗಾಳಿ ಇಲ್ಲದೆ ಓಡಿಸಿದ್ದು ಮಾರಾಯ್ರೆ. ಇನ್ನು ಇದಕ್ಕೆ ಪಂಕ್ಚರ್ ಹಾಕಿ ಪ್ರಯೋಜನ ಇಲ್ಲ.”

ಯಾರಿಗೂ ಏನೂ ಆಗಲಿಲ್ಲ. ಆದರೆ ಗಾಳಿ ಇಳಿಯುತ್ತಿದೆ ಎಂದು ಘಾಟಿಯ ನೆತ್ತಿಯಲ್ಲೇ ಹೇಳುವ ಏರ್ಪಾಡು ಆ ಕಾರಿನಲ್ಲಿ ಇತ್ತು. ಅದಕ್ಕೆ ಸುದ್ದಿ ಕೊಡಬೇಕಾದ ನಾಲ್ಕು ಸೆನ್ಸರ್‌ಗಳು ಮಾತ್ರ ಗೋದಾಮಿನಲ್ಲಿ, ಹಳೇ ಟೈರಿನೊಳಗೆ ಕೂತಿದ್ದವು. ನಮ್ಮ ಗುಡ್ಡದ ಊರುಗಳಲ್ಲಿ ಹೊಸ ಚಕ್ರ ಹಾಕಿಸುವವರು ಹೆಚ್ಚಿದ್ದಾರೆ. ಈ ಒಂದು ವಿಷಯ ಅವರಿಗೆಲ್ಲ ಸರಿಯಾಗಿ ತಿಳಿದಿರಲಿ ಎಂಬ ಕಳಕಳಿಯಿಂದ ಇದನ್ನು ಬರೆಯುತ್ತಿದ್ದೇನೆ.

ಟೈರಿನ ಗಾಳಿ ಕಾಯುವ ವ್ಯವಸ್ಥೆಗೆ ಟಿಪಿಎಂಎಸ್ ಎನ್ನುತ್ತಾರೆ. ಇದರಲ್ಲಿ ಎರಡು ಜಾತಿ. ನಿಮ್ಮ ಕಾರಿನದು ಯಾವುದು ಎಂದು ತಿಳಿದುಕೊಳ್ಳುವುದೇ ಮೊದಲ ಕೆಲಸ, ಏಕೆಂದರೆ ಚಕ್ರ ಬದಲಿಸಿದಾಗ ಮಾಡಬೇಕಾದ್ದು ಎರಡಕ್ಕೂ ಬೇರೆ ಬೇರೆ. ಮೊದಲ ಜಾತಿಯಲ್ಲಿ ಪ್ರತಿ ಚಕ್ರದೊಳಗೆ, ಗಾಳಿ ಹೊಡೆಯುವ ವಾಲ್ವಿನ ಬುಡಕ್ಕೆ ಅಂಟಿಕೊಂಡಂತೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ತೂಕ ಸುಮಾರು 30 ಗ್ರಾಂ. ಅದರೊಳಗೆ ಒತ್ತಡ ಅಳೆಯುವ ಚಿಪ್, ಉಷ್ಣತೆ ಅಳೆಯುವ ಭಾಗ, ಒಂದು ಲಿಥಿಯಂ ಬ್ಯಾಟರಿ, ಒಂದು ಪುಟ್ಟ ರೇಡಿಯೊ. ಕಾರು ನಿಂತಾಗ ಅದು ನಿದ್ದೆ ಮಾಡುತ್ತದೆ, ಚಕ್ರ ತಿರುಗಿದರೆ ಎದ್ದು ಸುದ್ದಿ ಕಳಿಸುತ್ತದೆ. ಪ್ರತಿಯೊಂದಕ್ಕೂ ತನ್ನದೇ ಗುರುತಿನ ಸಂಖ್ಯೆ ಇದೆ. ಪಕ್ಕದಲ್ಲಿ ಹೋಗುವ ಇನ್ನೊಂದು ಕಾರಿನ ಸೆನ್ಸರ್ ಮಾತನ್ನು ನಿಮ್ಮ ಕಾರು ತನ್ನದೆಂದು ತಿಳಿಯದಿರುವುದು ಈ ಸಂಖ್ಯೆಯಿಂದಲೇ. ಡ್ಯಾಶ್‌ಬೋರ್ಡಿನಲ್ಲಿ ನಾಲ್ಕೂ ಚಕ್ರದ ಗಾಳಿಯನ್ನು ಅಂಕಿಯಲ್ಲಿ ತೋರಿಸುವ ಕಾರು ನಿಮ್ಮದಾದರೆ ಅದು ಈ ಜಾತಿಯದು. ಹುಂಡೈ ಕ್ರೆಟಾ, ಕಿಯಾ ಸೆಲ್ಟೋಸ್, ಎಂಜಿ ಹೆಕ್ಟರ್‌ನಂಥ ಕಾರುಗಳ ಮೇಲಿನ ಮಾದರಿಗಳಲ್ಲಿ ಇದು ಬರುತ್ತದೆ.

ಎರಡನೆಯ ಜಾತಿಯಲ್ಲಿ ಚಕ್ರದೊಳಗೆ ಏನೂ ಇಲ್ಲ. ಎಬಿಎಸ್ ಬ್ರೇಕಿಗೆಂದು ಪ್ರತಿ ಚಕ್ರದ ವೇಗ ಅಳೆಯುವ ಸಾಧನ ಹೇಗೂ ಇರುತ್ತದಲ್ಲ, ಅದನ್ನೇ ಬಳಸಿಕೊಳ್ಳುತ್ತದೆ. ಗಾಳಿ ಇಳಿದ ಚಕ್ರದ ಸುತ್ತಳತೆ ಒಂದಿಷ್ಟು ಕಿರಿದಾಗಿ, ಅದು ಉಳಿದವಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ. ಕಂಪ್ಯೂಟರು ಆ ವ್ಯತ್ಯಾಸ ಹಿಡಿದು ದೀಪ ಹೊತ್ತಿಸುತ್ತದೆ. ಟಾಟಾ ನೆಕ್ಸಾನ್‌ನ ಐಟಿಪಿಎಂಎಸ್ ಇದೇ. ಈ ಕಾರಿನವರಿಗೆ ಹೊಸ ಚಕ್ರ ಹಾಕಿಸುವಾಗ ಸೆನ್ಸರ್ ಚಿಂತೆ ಇಲ್ಲ. ನಾಲ್ಕೂ ಟೈರು ಒಂದೇ ಅಳತೆಯದಾಗಿರಬೇಕು. ತಣ್ಣಗಿರುವಾಗ ಸರಿಯಾಗಿ ಗಾಳಿ ಹೊಡೆಸಿ, ಕಾರಿನ ಪುಸ್ತಕದಲ್ಲಿ ಹೇಳಿದಂತೆ ರೀಸೆಟ್ ಮಾಡಬೇಕು. ಮಾಡದಿದ್ದರೆ ಅದು ಹಳೇ ಚಕ್ರದ ಲೆಕ್ಕದಲ್ಲೇ ಹೊಸ ಚಕ್ರವನ್ನು ಅಳೆಯುತ್ತಿರುತ್ತದೆ. ಇದರ ಮಾತು ಇಷ್ಟೇ. ಮುಂದಿನದೆಲ್ಲ ಮೊದಲ ಜಾತಿಯವರಿಗೆ.

ಅದಕ್ಕೂ ಮೊದಲು ನಮ್ಮ ಗುಡ್ಡಕ್ಕೇ ವಿಶೇಷವಾದ ಒಂದು ಗೊಂದಲ ಬಿಡಿಸಬೇಕು. ಡಿಸೆಂಬರ್, ಜನವರಿಯ ಬೆಳಗ್ಗೆ ಕಾರು ಹೊರಡಿಸಿದ ಕೂಡಲೇ ದೀಪ ಬರುತ್ತದೆ, ಹತ್ತು ಹದಿನೈದು ಕಿಲೋಮೀಟರ್ ಹೋದ ಮೇಲೆ ಆರುತ್ತದೆ ಎಂದು ಹಲವರು ಹೇಳುತ್ತಾರೆ. ಸೆನ್ಸರ್ ಕೆಟ್ಟಿದೆ ಎಂಬುದು ಅವರ ತೀರ್ಮಾನ. ಸೆನ್ಸರ್ ಕೆಟ್ಟಿರುವುದಿಲ್ಲ, ಅದು ಹೇಳುತ್ತಿರುವುದು ನಿಜವೇ.

ಬಂಕಿನಲ್ಲಿ ನಾವು “ಮೂವತ್ಮೂರು ಹೊಡಿ” ಎನ್ನುತ್ತೇವಲ್ಲ, ಆ ಲೆಕ್ಕ ಪಿಎಸ್‌ಐಯದು. ಗಾಳಿ ತಣಿದರೆ ಕುಗ್ಗುತ್ತದೆ. ಉಷ್ಣತೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿದರೆ ಕಾರಿನ ಟೈರಿನಲ್ಲಿ 1 ಪಿಎಸ್‌ಐ ಇಳಿಯುತ್ತದೆ. ಮಂಗಳೂರಿನ ಮಧ್ಯಾಹ್ನ 33 ಡಿಗ್ರಿಯಲ್ಲಿ 33 ಹೊಡೆಸಿ ಮೂಡಿಗೆರೆಗೆ ಬಂದು, ಮರುದಿನ ಬೆಳಗ್ಗೆ 14 ಡಿಗ್ರಿಯ ಥಂಡಿಯಲ್ಲಿ ನೋಡಿದರೆ ಉಷ್ಣತೆಯ ಲೆಕ್ಕದಲ್ಲೇ 3 ಪಿಎಸ್‌ಐ ಹೋಗಿರುತ್ತದೆ. ಅಲ್ಲಿ ಹೊಡೆಸಿದ್ದೂ ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಟೈರಿಗೆ ಅನ್ನಿ. ಟೈರಿನೊಳಗಿನ ಗಾಳಿ ಆಗ 50 ಡಿಗ್ರಿ ಇದ್ದರೆ, ಬೆಳಗಿನ ಥಂಡಿಯಲ್ಲಿ ಅದೇ 33 ಇಳಿದು 28ರ ಆಸುಪಾಸಿಗೆ ಬರುತ್ತದೆ. ಒಳ್ಳೆಯ ಟೈರೂ ತಿಂಗಳಿಗೆ 1 ಪಿಎಸ್‌ಐಯಷ್ಟು ತಾನಾಗಿ ಬಿಡುತ್ತದೆ. ಎರಡು ತಿಂಗಳು ಬಂಕಿನ ಕಡೆ ಹೋಗದಿದ್ದರೆ ದೀಪ ಹೊತ್ತುವ ಗೆರೆಗೆ ಬಂದುಬಿಟ್ಟಿರಿ.

ಇದರ ಜೊತೆಗೆ ಎತ್ತರದ ಆಟವೂ ಇದೆ. ಮೇಲೆ ಹೋದಷ್ಟೂ ಸುತ್ತಲಿನ ವಾಯುಭಾರ ಕಮ್ಮಿ. ಬಂಕಿನ ಗೇಜು ಅಳೆಯುವುದು ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ಇರುವ ವ್ಯತ್ಯಾಸವನ್ನು. ಹಾಗಾಗಿ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಮೂಡಿಗೆರೆಯಲ್ಲಿ ಅದೇ ಟೈರು ಗೇಜಿಗೆ ಒಂದೂವರೆ ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಮುಳ್ಳಯ್ಯನಗಿರಿಯ ನೆತ್ತಿ 1,900 ಮೀಟರ್ ದಾಟಿದ್ದು, ಅಲ್ಲಿಗೆ ಇದು ಮೂರರ ಹತ್ತಿರ. ಚಕ್ರದೊಳಗಿನ ಸೆನ್ಸರಿಗೆ ಹೊರಗಿನ ಗಾಳಿ ಗೊತ್ತಿಲ್ಲ, ಅದು ಒಳಗಿನ ಒಟ್ಟು ಒತ್ತಡವನ್ನಷ್ಟೇ ಅಳೆಯುತ್ತದೆ. ಕೆಲವು ಕಾರುಗಳು ಅದರಿಂದ ಸಮುದ್ರ ಮಟ್ಟದ ವಾಯುಭಾರವನ್ನೇ ಕಳೆದು ಅಂಕಿ ತೋರಿಸುತ್ತವೆ. ಅಂಥ ಕಾರಿನಲ್ಲಿ ಚಿಕ್ಕಮಗಳೂರಿನ ಬಂಕಿನವನು 33 ಹೊಡೆದರೆ ಡ್ಯಾಶ್‌ಬೋರ್ಡು 31 ಎನ್ನುತ್ತದೆ. ಎಷ್ಟೋ ಜನ ಬಂಕಿನವನ ಮೇಲೆ ರೇಗುವುದನ್ನು ನೋಡಿದ್ದೇನೆ. ಬಂಕಿನವನದು ತಪ್ಪಿಲ್ಲ, ಕಾರಿನದೂ ತಪ್ಪಿಲ್ಲ. ನಾವು ಮಾಡಬೇಕಾದ್ದು ಒಂದೇ: ಮನೆಯ ಅಂಗಳದಲ್ಲಿ, ರಾತ್ರಿಯೆಲ್ಲ ನಿಂತು ತಣಿದ ಕಾರಿಗೆ, ಒಳ್ಳೆಯ ಗೇಜು ಹಿಡಿದು ನೋಡಿ, ಡ್ರೈವರ್ ಬಾಗಿಲ ಕಂಬದ ಚೀಟಿಯಲ್ಲಿ ಬರೆದಷ್ಟು ತುಂಬುವುದು. ಗೊಬ್ಬರದ ಚೀಲವೋ ಮೆಣಸಿನ ಮೂಟೆಯೋ ಹಿಂದೆ ಹೇರುವ ದಿನ ಅದೇ ಚೀಟಿಯಲ್ಲಿ ಪೂರ್ತಿ ಭಾರಕ್ಕೆಂದು ಬರೆದ ಅಂಕಿ ನೋಡಬೇಕು.

ಗಾಳಿ ಕಮ್ಮಿಯಾದ ಟೈರು ಯಾಕೆ ಅಪಾಯ ಎಂಬುದಕ್ಕೆ ಜಗತ್ತು ದೊಡ್ಡ ಬೆಲೆ ಕೊಟ್ಟು ಪಾಠ ಕಲಿತಿದೆ. ಗಾಳಿ ಕಮ್ಮಿಯಾದರೆ ಟೈರಿನ ಪಕ್ಕೆ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತದೆ, ಬಾಗಿ ಬಾಗಿ ಕಾಯುತ್ತದೆ, ಕಾದು ಒಳಗಿನ ಪದರಗಳು ಬಿಡುತ್ತವೆ. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಕಾರುಗಳ ಫೈರ್‌ಸ್ಟೋನ್ ಟೈರುಗಳು ಹೀಗೆ ಪದರ ಬಿಟ್ಟು ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2000ದ ಆಗಸ್ಟಿನಲ್ಲಿ ಲಕ್ಷಗಟ್ಟಲೆ ಟೈರುಗಳನ್ನು ವಾಪಸು ಕರೆಸಲಾಯಿತು. ಆ ಕಾರಿಗೆ ಫೋರ್ಡ್ ಹೇಳಿದ್ದ ಗಾಳಿ 26 ಪಿಎಸ್‌ಐ ಮಾತ್ರ ಎಂಬುದು ಆಗ ದೊಡ್ಡ ಚರ್ಚೆಯಾಯಿತು. ಅದೇ ವರ್ಷದ ನವೆಂಬರಿನಲ್ಲಿ ಬಂದ ಕಾನೂನಿನ ಫಲವಾಗಿ 2007ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಟಿಪಿಎಂಎಸ್ ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರಿನಿಂದ.

ನಮ್ಮಲ್ಲಿ ಕಡ್ಡಾಯವಿಲ್ಲ. ಆದರೆ 2020ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯೊಂದನ್ನು ನಮ್ಮ ಕಡೆಯವರು ಗಮನಿಸಬೇಕು. ಮೂರೂವರೆ ಟನ್ನಿನೊಳಗಿನ ಕಾರಿಗೆ ಟ್ಯೂಬ್‌ಲೆಸ್ ಟೈರು, ಟಿಪಿಎಂಎಸ್, ಜೊತೆಗೆ ಪಂಕ್ಚರ್ ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಕೊಡದೆಯೂ ಮಾರಬಹುದು ಎಂಬುದು ಅದರ ಸಾರ. ಈಗ ಹಲವು ಎಲೆಕ್ಟ್ರಿಕ್ ಕಾರುಗಳು ಸ್ಟೆಪ್ನಿ ಇಲ್ಲದೆ ಬರುತ್ತಿವೆ. ಅಂದರೆ ಆ ಕಾರಿನಲ್ಲಿ ಸೆನ್ಸರ್ ಇರುವುದು ಸ್ಟೆಪ್ನಿಯ ಜಾಗಕ್ಕೆ. ಅಂಥ ಕಾರಿಗೆ ಸೆನ್ಸರ್ ಇಲ್ಲದ ಚಕ್ರ ಹಾಕಿಸಿದಿರಿ ಎಂದರೆ ಸ್ಟೆಪ್ನಿಯನ್ನೂ ಬಿಟ್ಟು, ಅದರ ಬದಲಿಗೆ ಕೊಟ್ಟ ಕಾವಲನ್ನೂ ಬಿಟ್ಟು ಹೊರಟಂತೆ. ಸಂಸೆಯಿಂದ ಕುದುರೆಮುಖದ ಕಡೆ ಕಾಡಿನ ದಾರಿಯಲ್ಲಿ ಹೋಗುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದೇ ಅಪರೂಪ, ಪಂಕ್ಚರ್ ಅಂಗಡಿ ದೂರದ ಮಾತು.

ಈಗ ಹೊಸ ಚಕ್ರದ ಅಂಗಡಿಗೆ ಬರೋಣ. ಅಲ್ಲಿ ಎಲ್ಲರೂ ಬೋಲ್ಟಿನ ಲೆಕ್ಕ ಕೇಳುತ್ತಾರೆ. ಕ್ರೆಟಾಕ್ಕೆ 5 ತೂತು 114.3 ಮಿಲಿಮೀಟರ್, ಸ್ವಿಫ್ಟಿಗೆ 4 ತೂತು 100, ಜಿಮ್ನಿಗೆ 5 ತೂತು 139.7. ಚಕ್ರ ಒಳಗೆ ಹೊರಗೆ ಎಷ್ಟು ಕೂರುತ್ತದೆ ಎಂಬ ಆಫ್‌ಸೆಟ್ ಕೇಳುವವರು ಕೆಲವರು. ವಾಲ್ವಿನ ತೂತನ್ನು ಕೇಳುವವರು ಯಾರೂ ಇಲ್ಲ, ನಮಗೆ ಮುಖ್ಯವಾಗುವುದು ಅದೇ. ಸೆನ್ಸರಿನ ಲೋಹದ ವಾಲ್ವು ಕೂರಲು ಆ ತೂತಿನ ಸುತ್ತ ಸಮತಟ್ಟಾದ ಜಾಗ ಬೇಕು, ಒಳಗೆ ಡಬ್ಬಿ ಕೂರಲು ಎಡೆ ಬೇಕು. ಕೆಲವು ಅಲಾಯ್‌ಗಳಲ್ಲಿ ವಾಲ್ವಿನ ಓರೆ ಬೇರೆ ಇರುತ್ತದೆ. ಆಗ ಡಬ್ಬಿಯ ಹಿಂಭಾಗ ಟೈರು ಕೂರುವ ಡಿಸ್ಕಿನ ತಳಕ್ಕೆ ಒತ್ತಿಕೊಂಡಿರುತ್ತದೆ, ಇಲ್ಲವೇ ತಳ ಬಿಟ್ಟು ಎತ್ತರಕ್ಕೆ ನಿಂತು ಟೈರು ಹಾಕುವಾಗ ಅದರ ಅಂಚಿನ ಹೊಡೆತಕ್ಕೆ ಸಿಗುತ್ತದೆ. ದುಡ್ಡು ಕೊಡುವ ಮೊದಲು ಒಂದು ಸೆನ್ಸರನ್ನು ಖಾಲಿ ಡಿಸ್ಕಿಗೆ ಹಾಕಿ ತೋರಿಸಿ ಎಂದು ಕೇಳಿ. ಐದು ನಿಮಿಷದ ಕೆಲಸ. ತೋರಿಸಲು ಒಪ್ಪದ ಅಂಗಡಿಯಲ್ಲಿ ಚಕ್ರ ಕೊಳ್ಳಬೇಡಿ.

ಸೆನ್ಸರಿನ ವಿಷಯದಲ್ಲಿ ನಿಮಗಿರುವ ದಾರಿ ಎರಡು. ಹಳೇ ಚಕ್ರದಿಂದ ಬಿಚ್ಚಿ ಹೊಸದಕ್ಕೆ ಹಾಕುವುದು, ಇಲ್ಲವೇ ಹೊಸ ನಾಲ್ಕನ್ನು ಕೊಳ್ಳುವುದು. ಕಾರು ಮೂರು ವರ್ಷದೊಳಗಿನದಾದರೆ ಹಳೆಯದನ್ನೇ ಹಾಕಿಸಿ. ಗುರುತಿನ ಸಂಖ್ಯೆ ಕಾರಿಗೆ ಮೊದಲೇ ಗೊತ್ತಿರುವುದರಿಂದ ಮತ್ತೆ ಪರಿಚಯ ಮಾಡಿಸುವ ತಾಪತ್ರಯ ಇಲ್ಲ. ಕಾರಿಗೆ ಐದಾರು ವರ್ಷವಾಗಿದ್ದರೆ ಯೋಚಿಸಬೇಕು. ಸೆನ್ಸರಿನ ಬ್ಯಾಟರಿ ಐದರಿಂದ ಹತ್ತು ವರ್ಷ ಬಾಳುತ್ತದೆ. ನೀರು ಹೋಗದಂತೆ ಅಂಟು ಸುರಿದು ಮುಚ್ಚಿರುವುದರಿಂದ ಬ್ಯಾಟರಿ ಮಾತ್ರ ಬದಲಿಸಲು ಬರುವುದಿಲ್ಲ. ಇವತ್ತು ಹಳೆಯದನ್ನು ಹಾಕಿಸಿ, ಆರು ತಿಂಗಳಿಗೆ ಬ್ಯಾಟರಿ ಮುಗಿದರೆ ಮತ್ತೆ ಟೈರು ಬಿಚ್ಚುವ ಕೂಲಿ, ಮತ್ತೆ ಬ್ಯಾಲೆನ್ಸಿಂಗ್.

ಹಳೆಯದನ್ನು ವರ್ಗಾಯಿಸುವಾಗ ವಾಲ್ವಿನ ಬುಡದ ರಬ್ಬರ್ ವಾಷರ್, ನಟ್ಟು, ಒಳಗಿನ ಪಿನ್ನು, ಮುಚ್ಚಳ, ಇಷ್ಟನ್ನೂ ಹೊಸದು ಹಾಕಬೇಕು. ಒಮ್ಮೆ ಒತ್ತಿ ಚಪ್ಪಟೆಯಾದ ವಾಷರ್ ಇನ್ನೊಂದು ಡಿಸ್ಕಿನಲ್ಲಿ ಸರಿಯಾಗಿ ಕೂರದು. ಆ ನಟ್ಟು ಬಿಗಿಯುವಾಗಲೂ ನಿಗಾ ಬೇಕು. ಚಕ್ರದ ನಟ್ಟಿಗೆ ನೂರು ನ್ಯೂಟನ್ ಮೀಟರ್‌ಗೂ ಮೇಲೆ ಬಿಗಿಯುವ ಕೈ ಇಲ್ಲಿ ಹತ್ತರೊಳಗೆ ನಿಲ್ಲಬೇಕು. ಜೋರು ಮಾಡಿದರೆ ಅಲ್ಯುಮಿನಿಯಂ ವಾಲ್ವು ಅಲ್ಲೇ ಸೀಳುತ್ತದೆ, ಇಲ್ಲವೇ ಕಣ್ಣಿಗೆ ಕಾಣದ ಬಿರುಕು ಬಿಟ್ಟು ಮುಂದೆ ಘಾಟಿಯಲ್ಲಿ ಸೀಳುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ತಿರುಗುವ ಚಕ್ರದಲ್ಲಿ ಆ 30 ಗ್ರಾಮಿನ ಡಬ್ಬಿ ವಾಲ್ವಿನ ಬುಡದ ಮೇಲೆ ಹಾಕುವ ಎಳೆತ ಸುಮಾರು 4 ಕೆಜಿಯಷ್ಟು.

ಪಿನ್ನು ಮತ್ತು ಮುಚ್ಚಳದ ಮಾತನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮಲೆನಾಡಿನಲ್ಲಿ ಸೆನ್ಸರ್ ಹಾಳಾಗಲು ಅದು ದೊಡ್ಡ ಕಾರಣ. ಕಾಫಿ, ಅಡಿಕೆಗೆ ಬೋರ್ಡೋ ಮಿಶ್ರಣ ಮಾಡುವವರೆಲ್ಲ ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕದಡುವುದಿಲ್ಲ. ಸುಣ್ಣ ಸಾಕಾಯಿತೇ ಎಂದು ನೋಡಲು ಹೊಳೆಯುವ ಚಾಕು ಅದ್ದುತ್ತೇವೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಅಲ್ಲಿ ತಾಮ್ರ ಬಂದು ಕೂರುವಾಗ ಕಬ್ಬಿಣ ಕರಗುತ್ತದೆ. ತಾಮ್ರ ಬೆರೆತ ಹಿತ್ತಾಳೆಯೂ ಅಲ್ಯುಮಿನಿಯಮ್ಮೂ ಒಂದಕ್ಕೊಂದು ತಾಗಿ, ನಡುವೆ ನೀರು ನಿಂತರೆ ಇದೇ ಜಾತಿಯ ವ್ಯವಹಾರ ನಡೆದು ಅಲ್ಯುಮಿನಿಯಂ ಕರಗುತ್ತಾ ಹೋಗುತ್ತದೆ. ಸೆನ್ಸರಿನ ವಾಲ್ವು ಅಲ್ಯುಮಿನಿಯಮ್ಮಿನದು. ಪಂಕ್ಚರ್ ಅಂಗಡಿಯ ಡಬ್ಬಿಯಲ್ಲಿರುವ ಸಾಮಾನ್ಯ ಪಿನ್ನು ಹಿತ್ತಾಳೆಯದು. ಜೂನಿನಿಂದ ಸೆಪ್ಟೆಂಬರ್ ತನಕ ಒಣಗುವುದೇ ಗೊತ್ತಿಲ್ಲದ ನಮ್ಮ ಊರಿನಲ್ಲಿ, ಭದ್ರೆ ಉಕ್ಕಿದಾಗ ನೀರು ಹತ್ತುವ ಹೆಬ್ಬಾಳೆ ಸೇತುವೆ ದಾಟಿ ಹೊರನಾಡಿಗೆ ಹೋಗಿಬರುವ ಕಾರಿನಲ್ಲಿ, ಒಂದೆರಡು ಮಳೆಗಾಲಕ್ಕೆ ಆ ಪಿನ್ನು ವಾಲ್ವಿನೊಳಗೆ ಬೆಸುಗೆ ಹಾಕಿದಂತೆ ಹಿಡಿದುಬಿಡುತ್ತದೆ. ಬಿಚ್ಚಲು ಹೋದರೆ ವಾಲ್ವೇ ತುಂಡಾಗುತ್ತದೆ. ಚೆಂದಕ್ಕೆಂದು ಹಾಕಿಸುವ ಲೋಹದ ಮುಚ್ಚಳವೂ ಹೀಗೇ ಕಚ್ಚಿಕೊಳ್ಳುತ್ತದೆ. ನಿಕಲ್ ಲೇಪನದ ಪಿನ್ನು, ಒಳಗೆ ರಬ್ಬರ್ ಇರುವ ಪ್ಲಾಸ್ಟಿಕ್ ಮುಚ್ಚಳ, ಇವೆರಡೇ ಸರಿ. ಮುಚ್ಚಳ ಎಲ್ಲೋ ಬಿದ್ದುಹೋದರೆ ಅವತ್ತೇ ಇನ್ನೊಂದು ಹಾಕಿ.

ಹೊಸ ಸೆನ್ಸರ್ ಕೊಳ್ಳುವವರು ರೇಡಿಯೊ ತರಂಗದ ಅಳತೆ ನೋಡಲೇಬೇಕು. ನಮ್ಮ ದೇಶದ ಕಾರುಗಳದು 433 ಮೆಗಾಹರ್ಟ್ಸ್. ಅಮೆರಿಕದ ಕಾರುಗಳಿಗೆಂದು ಮಾಡಿದ ಹೆಚ್ಚಿನವು 315. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಎರಡನೆಯದನ್ನು ತರಿಸಿದರೆ ಅದು ಮಾತಾಡುತ್ತಲೇ ಇರುತ್ತದೆ, ನಿಮ್ಮ ಕಾರಿಗೆ ಕೇಳಿಸುವುದಿಲ್ಲ. ಕಾರು ಕಂಪನಿಯ ಸೆನ್ಸರ್ ದುಬಾರಿ ಎನ್ನಿಸಿದರೆ ಹಲವು ಕಾರಿಗೆ ಹೊಂದುವ, ಬರೆದು ಸಜ್ಜು ಮಾಡುವ ಸೆನ್ಸರ್‌ಗಳೂ ಇವೆ. ಅಂಗಡಿಯವರ ಬಳಿ ಅದಕ್ಕೆ ಬೇಕಾದ ಉಪಕರಣ ಇದ್ದರೆ ಹಳೇ ಸೆನ್ಸರಿನ ಗುರುತಿನ ಸಂಖ್ಯೆಯನ್ನೇ ಹೊಸದಕ್ಕೆ ಬರೆದುಕೊಡುತ್ತಾರೆ. ಕಾರಿಗೆ ಬದಲಾವಣೆಯೇ ತಿಳಿಯುವುದಿಲ್ಲ. ಹಳೇ ಚಕ್ರವನ್ನು ಬೇಸಗೆಗೆ, ಹೊಸದನ್ನು ಮಳೆಗಾಲದ ಕೆಸರಿಗೆ ಎಂದು ಎರಡು ಜೊತೆ ಇಟ್ಟುಕೊಳ್ಳುವ ಜೀಪಿನವರಿಗೆ ಇದೇ ಅನುಕೂಲ. ಸಂಖ್ಯೆ ಬೇರೆ ಇದ್ದರೆ ಕಾರಿಗೆ ಹೊಸದಾಗಿ ಕಲಿಸಬೇಕು. ಕೆಲವು ಕಾರುಗಳು ಹದಿನೈದು ಇಪ್ಪತ್ತು ನಿಮಿಷ ಓಡಿಸಿದರೆ ತಾವೇ ಕಲಿಯುತ್ತವೆ, ಕೆಲವಕ್ಕೆ ಸರ್ವಿಸ್ ಸ್ಟೇಷನ್ನಿನ ಸ್ಕ್ಯಾನರ್ ಬೇಕು. ಕಲಿಸಿ, ನಾಲ್ಕೂ ಚಕ್ರದ ಅಂಕಿ ಡ್ಯಾಶ್‌ಬೋರ್ಡಿನಲ್ಲಿ ಬಂದಿದ್ದನ್ನು ಕಣ್ಣಾರೆ ನೋಡಿದ ಮೇಲೇ ಅಂಗಡಿ ಬಿಡಿ. ಆಮೇಲೆ ಒಂದು ಚಕ್ರದ ಗಾಳಿ ನಾಲ್ಕೈದು ಪಿಎಸ್‌ಐ ಬಿಟ್ಟು, ಅದೇ ಚಕ್ರದ ಅಂಕಿ ಇಳಿಯಿತೇ ನೋಡಿ. ಎಡದ್ದು ಬಲಕ್ಕೆ ತೋರಿಸುವುದೂ ಉಂಟು.

ದೀಪದ ಭಾಷೆಯನ್ನೂ ತಿಳಿದಿರಬೇಕು. ಕಾರು ಚಾಲೂ ಮಾಡಿದಾಗ ಹೊತ್ತಿ ಹಾಗೇ ನಿಂತ ದೀಪ ಗಾಳಿ ಕಮ್ಮಿ ಎನ್ನುತ್ತದೆ. ಒಂದು ಒಂದೂವರೆ ನಿಮಿಷ ಮಿಟುಕಿ ಆಮೇಲೆ ನಿಂತರೆ, ಸೆನ್ಸರಿನ ಮಾತೇ ಕೇಳಿಸುತ್ತಿಲ್ಲ ಎನ್ನುತ್ತದೆ. ಅಕ್ಕನ ಮಗನ ಕಾರು ಎರಡು ವರ್ಷ ದಿನವೂ ಮಿಟುಕಿ ಹೇಳಿತ್ತು. ಹಾಗೆ ಕಿವುಡಾದ ಕಾರಿನಲ್ಲಿ ನಿಜವಾಗಿ ಗಾಳಿ ಇಳಿದ ದಿನ ಹೊತ್ತಲು ಬೇರೆ ದೀಪವಿಲ್ಲ. ಮಿಟುಕುವ ದೀಪಕ್ಕೆ ಕಪ್ಪು ಟೇಪು ಅಂಟಿಸಿಕೊಂಡವರನ್ನೂ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ನಮ್ಮ ಹಳ್ಳಿಗಳ ಪಂಕ್ಚರ್ ಅಂಗಡಿಯವರ ಕೈಚಳಕದ ಬಗ್ಗೆ ನನಗೆ ಅಪಾರ ಗೌರವ. ಬಾಳೂರು, ಕಳಸ, ಬಾಳೆಹೊನ್ನೂರಿನ ದಾರಿಗಳಲ್ಲಿ ಅವರು ಇಲ್ಲದಿದ್ದರೆ ನಮ್ಮ ಗಾಡಿಗಳು ಓಡವು. ಆದರೆ ಚಕ್ರದೊಳಗೆ ಸೆನ್ಸರ್ ಇದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ, ಹೇಳಬೇಕಾದವರು ನಾವು. ಟೈರು ಡಿಸ್ಕಿನಿಂದ ಬಿಡಿಸಲು ಯಂತ್ರದ ಕೈಯನ್ನೋ ಹಾರೆಯನ್ನೋ ವಾಲ್ವಿನ ಪಕ್ಕದಲ್ಲೇ ಒತ್ತಿದರೆ ಡಬ್ಬಿ ಪುಡಿ. ಹೊಂಡಕ್ಕೆ ಬಿದ್ದು ಡಿಸ್ಕಿನ ಅಂಚು ಸೊಟ್ಟಗಾಗಿ ಗಾಳಿ ಸೋರಿದರೆ ಒಳಗೆ ಟ್ಯೂಬ್ ಹಾಕಿ ಕಳಿಸುವುದು ನಮ್ಮ ಕಡೆ ರೂಢಿ. ಸೆನ್ಸರ್ ಇರುವ ಚಕ್ರಕ್ಕೆ ಟ್ಯೂಬ್ ಹಾಕಲು ಬರುವುದಿಲ್ಲ, ಸೆನ್ಸರನ್ನು ತೆಗೆದೇ ಟ್ಯೂಬ್ ಹಾಕಬೇಕು. ಪಂಕ್ಚರ್ ತಡೆಯಲೆಂದು ಮೊದಲೇ ತುಂಬಿಸುವ ಅಂಟಿನ ದ್ರವ ಸೆನ್ಸರಿನ ಸೂಜಿಮೊನೆಯಂಥ ಕಿಂಡಿಯನ್ನು ಮುಚ್ಚಿಬಿಡಬಹುದು. ಸೆನ್ಸರಿಗೆ ತೊಂದರೆ ಇಲ್ಲ ಎಂದು ಡಬ್ಬದ ಮೇಲೆ ಬರೆದಿದ್ದನ್ನು ಮಾತ್ರ ಬಳಸಿ, ಅದನ್ನೂ ದಾರಿಯಲ್ಲಿ ಸಿಕ್ಕಿಬಿದ್ದಾಗ ಮಾತ್ರ. ಸ್ಟೆಪ್ನಿಯಲ್ಲಿ ಸಾಮಾನ್ಯವಾಗಿ ಸೆನ್ಸರ್ ಇರುವುದಿಲ್ಲ, ಅದನ್ನು ಹಾಕಿದ ದಿನ ದೀಪ ಬರುವುದು ಸಹಜ.

ಮುಚ್ಚಳದಂತೆ ವಾಲ್ವಿಗೆ ತಿರುಗಿಸುವ ಹೊರಗಿನ ಸೆನ್ಸರ್‌ಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಬಿಸಿಲಿನಲ್ಲಿ ಚಾರ್ಜ್ ಆಗುವ ಪುಟ್ಟ ಪರದೆಯೊಂದಿಗೆ ಇವು ಸುಲಭ ಬೆಲೆಗೆ ಸಿಗುತ್ತವೆ. ಟಿಪಿಎಂಎಸ್ ಇಲ್ಲದ ಹಳೇ ಕಾರಿಗೆ, ಪಿಕಪ್ಪಿಗೆ ಇವು ಒಳ್ಳೆಯದೇ. ಏನೂ ಇಲ್ಲದ್ದಕ್ಕಿಂತ ನೂರು ಪಾಲು ವಾಸಿ. ಆದರೆ ಹತ್ತು ಗ್ರಾಮಿನ ಭಾರವನ್ನು ರಬ್ಬರ್ ವಾಲ್ವಿನ ತುದಿಗೆ ಕಟ್ಟಿ ತಿರುಗಿಸಿದರೆ ವಾಲ್ವಿನ ಬುಡ ಬೇಗ ಸವೆಯುತ್ತದೆ. ತೋಟದ ಕಲ್ಲುದಾರಿಯಲ್ಲಿ ಅದಕ್ಕೆ ಏಟೂ ಬೀಳುತ್ತದೆ. ಹಾಕುವುದಾದರೆ ಗಟ್ಟಿ ಲೋಹದ ವಾಲ್ವು ಹಾಕಿಸಿಕೊಂಡು ಹಾಕಿ. ಕಂಪನಿಯ ಸೆನ್ಸರ್ ಇರುವ ಕಾರಿನವರು ಅದನ್ನು ಬಿಟ್ಟು ಇದಕ್ಕೆ ಬರುವುದನ್ನು ನಾನು ಒಪ್ಪುವುದಿಲ್ಲ.

ಕೊನೆಯದಾಗಿ ಅಳತೆ. ಕ್ರೆಟಾದ 215/60 ಆರ್17 ಟೈರಿನ ಪಕ್ಕೆಯ ಎತ್ತರ 129 ಮಿಲಿಮೀಟರ್. ಅದರ ಬದಲು 225/50 ಆರ್18 ಹಾಕಿದರೆ ಪಕ್ಕೆ 112ಕ್ಕೆ ಇಳಿಯುತ್ತದೆ. ಹೊಂಡಕ್ಕೂ ಡಿಸ್ಕಿಗೂ ನಡುವೆ ಇದ್ದ ಮೆತ್ತೆಯಲ್ಲಿ 17 ಮಿಲಿಮೀಟರ್ ಹೋಯಿತು. ಚಾರ್ಮಾಡಿಯ ಒಂದು ಮಳೆಗಾಲ ಕಳೆದ ರಸ್ತೆಗೆ ಆ 17 ಮಿಲಿಮೀಟರ್ ದೊಡ್ಡದು. ಪಕ್ಕೆ ಗಿಡ್ಡವಾದಷ್ಟೂ ಗಾಳಿ ಕಮ್ಮಿಯಾದಾಗ ಡಿಸ್ಕು ಸೀಳುವುದು ಬೇಗ, ಗಾಳಿ ಕಮ್ಮಿಯಾದದ್ದು ಕಣ್ಣಿಗೆ ಕಾಣುವುದು ತಡ. ಅಂದರೆ ದೊಡ್ಡ ಡಿಸ್ಕು ಹಾಕಿಸಿದವರಿಗೇ ಸೆನ್ಸರಿನ ಅಗತ್ಯ ಹೆಚ್ಚು. ವಾಹನವನ್ನು ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಕಂಪನಿ ತನ್ನ ಬೇರೆ ಮಾದರಿಗಳಲ್ಲಿ ಕೊಡುವ ಅಳತೆಯೊಳಗೇ ಇರುವುದು ವಿಮೆಯ ದೃಷ್ಟಿಯಿಂದಲೂ ಕ್ಷೇಮ. ನನ್ನ ಕೇಳಿದರೆ ಕಳಸ, ಮೂಡಿಗೆರೆಯವರಿಗೆ ಡಿಸ್ಕು ದೊಡ್ಡದು ಮಾಡುವ ಅಗತ್ಯವೇ ಇಲ್ಲ. ಅಲಾಯ್ ಬೇಕಿದ್ದರೆ ಅದೇ ಇಂಚಿನದು ಹಾಕಿಸಿ, ದಪ್ಪ ಪಕ್ಕೆಯ ಟೈರು ಉಳಿಸಿಕೊಳ್ಳಿ.

ಉಜಿರೆಯ ಆ ದಿನ ಕಳೆದು ಮೂರನೇ ವಾರ, ಗೋದಾಮಿನ ನಾಲ್ಕು ಚಕ್ರಗಳನ್ನು ಪಿಕಪ್ಪಿಗೆ ಹಾಕಿಕೊಂಡು, ಅಕ್ಕನ ಮಗನ ಕಾರನ್ನೂ ಜೊತೆಗೆ ತೆಗೆದುಕೊಂಡು ಚಿಕ್ಕಮಗಳೂರಿಗೆ ಹೋದೆವು. ಹಳೇ ಟೈರು ಬಿಚ್ಚಿಸಿ ಸೆನ್ಸರ್‌ಗಳನ್ನು ಹೊರಗೆ ತೆಗೆಸಿದೆವು. ಮೂರು ಸರಿ ಇದ್ದವು, ನಾಲ್ಕನೆಯದರ ಬ್ಯಾಟರಿ ಮುಗಿದಿತ್ತು. ಅದಕ್ಕೊಂದು ಹೊಸದು ಕೊಂಡು, ನಾಲ್ಕಕ್ಕೂ ಹೊಸ ವಾಷರ್, ಪಿನ್ನು, ಮುಚ್ಚಳ ಹಾಕಿಸಿ ಈಗಿನ ಚಕ್ರಗಳೊಳಗೆ ಕೂರಿಸಲು ಒಟ್ಟು ಅರ್ಧ ದಿನ ಹಿಡಿಯಿತು. ಮನೆಗೆ ವಾಪಸು ಬರುವಾಗ ಕೊಟ್ಟಿಗೆಹಾರದ ಹತ್ತಿರ ಹಿಂದಿನ ಎಡ ಚಕ್ರ 32 ತೋರಿಸುತ್ತಿತ್ತು.